ಎಂಬತ್ತು ಕಂಪ್ಯೂಟರಿಗೆ ಒಂದೇ ಅಪ್‌ಡೇಟ್ ಸರ್ವರ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮ ಕಾರ್ಖಾನೆಯಲ್ಲಿ ಡೊಮೈನ್‌ಗೆ ಸೇರಿದ 80 ವಿಂಡೋಸ್ ಕಂಪ್ಯೂಟರುಗಳಿವೆ. ಅಪ್‌ಡೇಟ್ ಬಂದ ದಿನ ಇಂಟರ್ನೆಟ್ ತೆವಳುತ್ತದೆ. ಡಬ್ಲ್ಯೂಸಸ್ (ಅಪ್‌ಡೇಟ್‌ಗಳನ್ನು ಒಮ್ಮೆ ಇಳಿಸಿಕೊಂಡು ಒಳಗಿನ ಯಂತ್ರಗಳಿಗೆ ಹಂಚುವ ವಿಂಡೋಸ್ ಸರ್ವರ್ ಸೌಲಭ್ಯ) ಹಾಕಿ ಎನ್ನುತ್ತಾರೆ ಕೆಲವರು. ಮೈಕ್ರೋಸಾಫ್ಟ್ ಅದನ್ನು ಕೈಬಿಟ್ಟಾಯಿತು ಎನ್ನುತ್ತಾರೆ ಇನ್ನು ಕೆಲವರು. ಏನು ಮಾಡಲಿ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಹಾಕಿ. 2024ರ ಸೆಪ್ಟೆಂಬರಿನಲ್ಲಿ ಮೈಕ್ರೋಸಾಫ್ಟ್ ಹೇಳಿದ್ದು ಹೊಸ ಸೌಲಭ್ಯ ಸೇರಿಸುವುದಿಲ್ಲ ಎಂದಷ್ಟೇ. ವಿಂಡೋಸ್ ಸರ್ವರ್ 2025ರಲ್ಲೂ ಅದು ಇದೆ. ಲ್ಯಾಪ್‌ಟಾಪ್‌ಗಳೇ ಹೆಚ್ಚಿದ್ದು ಅವು ಕಚೇರಿಗೆ ಅಪರೂಪಕ್ಕೆ ಬರುವುದಾದರೆ ಮಾತ್ರ ಇಂಟ್ಯೂನ್ (ಇಂಟರ್ನೆಟ್ ಮೂಲಕವೇ ಯಂತ್ರಗಳನ್ನು ನಿರ್ವಹಿಸುವ ಮೈಕ್ರೋಸಾಫ್ಟ್ ಸೇವೆ) ಮೇಲು.

ಡೊಮೈನ್ ಕಂಟ್ರೋಲರ್ (ಎಲ್ಲರ ಲಾಗಿನ್ ನೋಡಿಕೊಳ್ಳುವ ಸರ್ವರ್) ಮೇಲೆ ಹಾಕಬೇಡಿ, ಬೇರೆ ವರ್ಚುವಲ್ ಮಷೀನ್ ಕೊಡಿ: 4 ಕೋರ್, 8 ಜಿಬಿ ರ‍್ಯಾಮ್, ಅಪ್‌ಡೇಟ್ ಕಡತಗಳಿಗೆಂದೇ 300 ಜಿಬಿಯ ಎನ್‌ಟಿಎಫ್‌ಎಸ್ ಡಿ ಡ್ರೈವ್. ಸರ್ವರ್ ಮ್ಯಾನೇಜರ್‌ನಲ್ಲಿ ಡಬ್ಲ್ಯೂಸಸ್ ರೋಲ್ ಸೇರಿಸಿ. ಡೇಟಾಬೇಸ್‌ಗೆ ವಿಂಡೋಸ್ ಇಂಟರ್ನಲ್ ಡೇಟಾಬೇಸ್ ಸಾಕು, 80 ಯಂತ್ರಕ್ಕೆ ಎಸ್‌ಕ್ಯೂಎಲ್ ಸರ್ವರ್ ಲೈಸೆನ್ಸ್ ಕೊಳ್ಳುವುದು ದಂಡ.

ಎಡವುವುದು ಆಯ್ಕೆಯ ಪುಟದಲ್ಲಿ. ನಿಮ್ಮಲ್ಲಿರುವ ಉತ್ಪನ್ನಗಳಿಗೆ ಮಾತ್ರ ಟಿಕ್ ಹಾಕಿ. ಭಾಷೆ ಇಂಗ್ಲಿಷ್ ಒಂದೇ. ಕ್ರಿಟಿಕಲ್, ಸೆಕ್ಯುರಿಟಿ, ಅಪ್‌ಡೇಟ್ ರೋಲಪ್, ಡಿಫೆಂಡರ್ ಬಳಸುತ್ತಿದ್ದರೆ ಡೆಫಿನಿಷನ್, ಇಷ್ಟೇ ಸಾಕು. ಡ್ರೈವರ್ಸ್‌ಗೆ ಟಿಕ್ ಹಾಕಿದಿರೋ, ಡೇಟಾಬೇಸ್ ಊದಿಕೊಂಡು ಕನ್ಸೋಲ್ ತೆರೆಯುವುದೇ ಕಷ್ಟವಾಗುತ್ತದೆ. ಎಕ್ಸ್‌ಪ್ರೆಸ್ ಫೈಲ್ಸ್ ಆಯ್ಕೆಯನ್ನೂ ಬಿಡಿ, ಡಿಸ್ಕ್ ನುಂಗುತ್ತದೆ. ಅನುಮೋದಿಸಿದ ಮೇಲಷ್ಟೇ ಕಡತ ಇಳಿಯುವಂತೆ ಇಡಿ. ಮೊದಲ ಸಿಂಕ್‌ಗೆ ಗಂಟೆಗಟ್ಟಲೆ ಹಿಡಿಯುತ್ತದೆ, ಸಂಜೆ ಹಚ್ಚಿ ಹೋಗಿ.

ಗ್ರೂಪ್ ಪಾಲಿಸಿಯಲ್ಲಿ (ಡೊಮೈನ್ ಯಂತ್ರಗಳಿಗೆಲ್ಲ ಒಂದೇ ಕಡೆಯಿಂದ ಸೆಟ್ಟಿಂಗ್ ಕಳಿಸುವ ವ್ಯವಸ್ಥೆ) ಇಂಟ್ರಾನೆಟ್ ಅಪ್‌ಡೇಟ್ ಸರ್ವಿಸ್‌ನ ಮೊದಲ ಎರಡು ಪೆಟ್ಟಿಗೆಗೂ ಒಂದೇ ವಿಳಾಸ: ಸರ್ವರ್ ಹೆಸರು, ಕೊನೆಗೆ 8530. ಪೋರ್ಟ್ ಬರೆಯಲು ಮರೆತರೆ ಯಂತ್ರಗಳು 80ನೇ ಪೋರ್ಟ್ ತಟ್ಟಿ ಸುಮ್ಮನಾಗುತ್ತವೆ. ಆಂತರಿಕ ಸರ್ಟಿಫಿಕೇಟ್ ಇದ್ದರೆ 8531ರಲ್ಲಿ ಎಚ್‌ಟಿಟಿಪಿಎಸ್ ಬಳಸಿ.

ತಿಂಗಳ ಎರಡನೇ ಮಂಗಳವಾರ ಅಮೆರಿಕದಲ್ಲಿ ಮೈಕ್ರೋಸಾಫ್ಟ್ ಬಿಡುವ ಪ್ಯಾಚ್‌ಗಳು ಬುಧವಾರ ಬೆಳಗಾಗುವಷ್ಟರಲ್ಲಿ ನಮಗೆ ಸಿಕ್ಕಿರುತ್ತವೆ. ಮೊದಲು ಎಂಟು ಯಂತ್ರಗಳ ಪರೀಕ್ಷಾ ಗುಂಪಿಗೆ ಕೊಡಿ. ಅದರಲ್ಲಿ ಟ್ಯಾಲಿ ಓಡುವ ಒಂದು, ಹಳೆಯ ಪ್ರಿಂಟರ್ ಕಟ್ಟಿಕೊಂಡ ಒಂದು ಇರಲೇಬೇಕು, ಕೆಡುವುದು ಅಲ್ಲೇ. ವಾರ ಕಳೆದ ಮೇಲೆ ಉಳಿದವಕ್ಕೆ. ಬಹಳ ತಡಮಾಡಲೂ ಬಾರದು: 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಸುಲಿಗೆ ವೈರಸ್ ಹರಡಿದ ರಂಧ್ರಕ್ಕೆ ಮಾರ್ಚ್‌ನಲ್ಲೇ ಪ್ಯಾಚ್ ಬಂದಿತ್ತು.

ಪ್ರಶ್ನೆ: ಒಂದು ವರ್ಷ ಚೆನ್ನಾಗಿ ಓಡಿದ ಡಬ್ಲ್ಯೂಸಸ್ ಈಗ ಕನ್ಸೋಲ್ ತೆರೆದರೆ ‘ರೀಸೆಟ್ ಸರ್ವರ್ ನೋಡ್’ ಎನ್ನುತ್ತದೆ, ಕಂಪ್ಯೂಟರುಗಳಲ್ಲಿ 503 ದೋಷ. ಮತ್ತೆ ಇನ್‌ಸ್ಟಾಲ್ ಮಾಡಬೇಕೆ?
– ಓದುಗರೊಬ್ಬರು, ತುಮಕೂರು

ಉತ್ತರ: ಬೇಡ. ಡಬ್ಲ್ಯೂಸಸ್ ಓಡುವುದು ವಿಂಡೋಸ್‌ನ ವೆಬ್ ಸರ್ವರ್ ಆದ ಐಐಎಸ್ ಮೇಲೆ; ಐಐಎಸ್ ಮ್ಯಾನೇಜರ್‌ನಲ್ಲಿ ಡಬ್ಲ್ಯೂಸಸ್ ಪೂಲ್ (ಅದನ್ನು ಓಡಿಸುವ ಪ್ರಕ್ರಿಯೆ) ನಿಂತಿರುತ್ತದೆ, ನೋಡಿ. ಅದರ ಪ್ರೈವೇಟ್ ಮೆಮೊರಿ ಮಿತಿ ಮೊದಲಿಗೆ 18,43,200 ಕೆಬಿ. ಹಳೆಯ ಅಪ್‌ಡೇಟ್‌ಗಳ ಪಟ್ಟಿ ಬೆಳೆದಂತೆ ಪೂಲ್ ಆ ಮಿತಿ ಮುಟ್ಟುತ್ತದೆ, ಐಐಎಸ್ ಅದನ್ನು ಮರುಚಾಲನೆ ಮಾಡುತ್ತದೆ, ಅರ್ಧಕ್ಕೆ ಕಡಿದ ಯಂತ್ರಗಳೆಲ್ಲ ಮತ್ತೆ ಒಟ್ಟಿಗೆ ಮುಗಿಬೀಳುತ್ತವೆ. ಮಿತಿಯನ್ನು 41,94,304ಕ್ಕೆ, ಅಂದರೆ 4 ಜಿಬಿಗೆ ಏರಿಸಿ, ಕ್ಯೂ ಲೆಂತ್ (ಸರದಿಯಲ್ಲಿ ಕಾಯಬಹುದಾದ ಕೋರಿಕೆಗಳ ಸಂಖ್ಯೆ) 1000 ಇದ್ದದ್ದನ್ನು 2000 ಮಾಡಿ, ಪೂಲ್ ಶುರುಮಾಡಿ.

ಅದು ತಾತ್ಕಾಲಿಕ ಉಪಶಮನ. ಹೊಸದು ಬಂದು ಹಳತಾದ ಅಪ್‌ಡೇಟ್‌ಗಳನ್ನು ಡಿಕ್ಲೈನ್ ಮಾಡಿ, ಬಳಿಕ ಕ್ಲೀನಪ್ ವಿಝಾರ್ಡ್ ಓಡಿಸಿ. ಎಂದೂ ಗುಡಿಸದ ಸರ್ವರ್‌ನಲ್ಲಿ ಎಲ್ಲ ಟಿಕ್‌ಗಳನ್ನು ಒಟ್ಟಿಗೆ ಹಾಕಿದರೆ ವಿಝಾರ್ಡ್ ಮಧ್ಯದಲ್ಲೇ ಟೈಮ್‌ಔಟ್ ಆಗುತ್ತದೆ, ಒಂದೊಂದಾಗಿ ಮಾಡಿ. ಆಮೇಲೆ ತಿಂಗಳಿಗೊಮ್ಮೆ.

ಜೊತೆಗೆ ಸರ್ವರ್‌ಗೇ ಪ್ಯಾಚ್ ಆಗಿದೆಯೇ ನೋಡಿ. ಪಾಸ್‌ವರ್ಡ್ ಇಲ್ಲದೆ ಹೊರಗಿನವರು ಡಬ್ಲ್ಯೂಸಸ್ ಸರ್ವರ್ ವಶಪಡಿಸಿಕೊಳ್ಳಬಹುದಾದ ದೋಷಕ್ಕೆ 2025ರ ಅಕ್ಟೋಬರ್ 23ರಂದು ತುರ್ತು ಪ್ಯಾಚ್ ಬಂದಿತು. 8530, 8531 ಎರಡೂ ಇಂಟರ್ನೆಟ್ಟಿಗೆ ತೆರೆದಿರಬಾರದು.

ಪ್ರಶ್ನೆ: 30 ಕಂಪ್ಯೂಟರ್ ಇವೆ, ಡಬ್ಲ್ಯೂಸಸ್ ಕನ್ಸೋಲ್‌ನಲ್ಲಿ ಒಂದೇ ಕಾಣುತ್ತದೆ, ಅದರ ಹೆಸರೂ ದಿನಕ್ಕೊಂದು!
– ಓದುಗರೊಬ್ಬರು, ಮಂಗಳೂರು

ಉತ್ತರ: ಸಿಸ್‌ಪ್ರೆಪ್ (ನಕಲಿಗೆ ಮುನ್ನ ಯಂತ್ರದ ಗುರುತು ಅಳಿಸುವ ವಿಂಡೋಸ್ ಸಾಧನ) ಮಾಡದೆ ಒಂದೇ ಡಿಸ್ಕನ್ನು ಕ್ಲೋನ್ ಮಾಡಿದ್ದಾರೆ, ಎಲ್ಲಕ್ಕೂ ಒಂದೇ ಗುರುತು. ವಿಂಡೋಸ್ ಅಪ್‌ಡೇಟ್ ಸರ್ವಿಸ್ ನಿಲ್ಲಿಸಿ, ರಿಜಿಸ್ಟ್ರಿಯಲ್ಲಿ ವಿಂಡೋಸ್‌ಅಪ್‌ಡೇಟ್ ಕೀಲಿಯಡಿಯ ‘ಸಸ್‌ಕ್ಲೈಂಟ್‌ಐಡಿ’, ‘ಸಸ್‌ಕ್ಲೈಂಟ್‌ಐಡಿವ್ಯಾಲಿಡೇಷನ್’ ಎರಡನ್ನೂ ಅಳಿಸಿ, ಸರ್ವಿಸ್ ಮತ್ತೆ ಶುರುಮಾಡಿ. ಪ್ರತಿ ಯಂತ್ರದಲ್ಲೂ ಮಾಡಬೇಕು, ಮೂಲ ಇಮೇಜ್‌ನಲ್ಲೂ.