ಬ್ಯಾಕಪ್ ನಡೆದ ಮರುದಿನ ಜಿಎಫ್‌ಎಸ್2 ನಿಧಾನವಾಗುತ್ತದೆ: ಲಾಕ್ ಮತ್ತು ಮೆಮೊರಿಯ ಯಾವ ಸೆಟ್ಟಿಂಗ್ ಬದಲಿಸಬೇಕು?

ಬದಿಯಡ್ಕದ ನಿಮ್ಮ ದಾಖಲೆ ಸಂಗ್ರಹದಲ್ಲಿ 64 ಜಿಬಿ ಮೆಮೊರಿಯ ಮೂರು ಸರ್ವರ್‌ಗಳು ಒಂದೇ ಜಿಎಫ್‌ಎಸ್2 ಫೈಲ್ ಸಿಸ್ಟಮನ್ನು (ಹಲವು ಲಿನಕ್ಸ್ ಸರ್ವರ್‌ಗಳು ಒಂದೇ ಡಿಸ್ಕನ್ನು ಒಟ್ಟಿಗೆ ಬಳಸುವ ವ್ಯವಸ್ಥೆ) ಹಂಚಿಕೊಂಡಿವೆ. ರಾತ್ರಿ ಮೂರನೆಯದರಲ್ಲಿ ಬ್ಯಾಕಪ್ ನಡೆಯುತ್ತದೆ. ಬೆಳಗ್ಗೆ ಉಳಿದೆರಡರಲ್ಲಿ ಹೊಸ ಸ್ಕ್ಯಾನ್‌ಗಳನ್ನು ಸೇರಿಸಲು ವಿಪರೀತ ತಡವಾಗುತ್ತದೆ. ಇದಕ್ಕೆ ಗ್ಲಾಕ್ ಪರ್ಜ್ (ಬಳಕೆಯಲ್ಲಿಲ್ಲದ ಗ್ಲಾಕ್‌ಗಳನ್ನು, ಅಂದರೆ ಈ ಫೈಲ್ ಸಿಸ್ಟಮಿನ ಲಾಕ್‌ಗಳನ್ನು, ತೆಗೆದುಹಾಕುವ) ಮೌಲ್ಯವನ್ನು ಎಷ್ಟಕ್ಕೆ ಇಡಬೇಕೆಂದು ಕೇಳಿದ್ದೀರಿ. ಅದು ಹಳೆಯ ಜಿಎಫ್‌ಎಸ್‌ನಲ್ಲಿದ್ದ ಸೆಟ್ಟಿಂಗ್. ಜಿಎಫ್‌ಎಸ್2ರಲ್ಲಿ ಇಲ್ಲ, ಆದ್ದರಿಂದ ಹುಡುಕಿ ಪ್ರಯೋಜನವಿಲ್ಲ. ಕುಂಬಳೆಯಲ್ಲಿ ಇಂಥದೇ ಒಂದು ಕ್ಲಸ್ಟರನ್ನು ನೋಡಿಕೊಳ್ಳುವವನಾಗಿ ಹೇಳುವುದಾದರೆ, ನಿಮ್ಮ ತೊಂದರೆಯ ಬೇರು ಯಾವುದೋ ಒಂದು ಅಂಕಿಯಲ್ಲಿಲ್ಲ, ಯಾವ ಲಾಕ್ ಯಾವ ನೋಡಿನಲ್ಲಿ (ಕ್ಲಸ್ಟರಿನ ಸರ್ವರಿನಲ್ಲಿ) ಉಳಿದುಬಿಟ್ಟಿದೆ ಎಂಬುದರಲ್ಲಿದೆ.

ಒಂದು ನೋಡ್ ಫೈಲನ್ನು ಓದಿದಾಗ ಅದರ ಇನೋಡಿಗೆ (ಫೈಲಿನ ವಿವರ ಹಿಡಿದಿಡುವ ದಾಖಲೆಗೆ) ಸೇರಿದ ಗ್ಲಾಕ್ ಆ ನೋಡಿಗೆ ಬರುತ್ತದೆ. ಫೈಲನ್ನು ಮುಚ್ಚಿದ ಮಾತ್ರಕ್ಕೆ ಅದು ಹಿಂದಿರುಗುವುದಿಲ್ಲ; ಬೇರೊಂದು ನೋಡ್ ಅದಕ್ಕೆ ಹೊಂದದ ಲಾಕನ್ನು ಕೇಳುವವರೆಗೆ ಅಥವಾ ಮೆಮೊರಿಗೆ ಒತ್ತಡ ಬರುವವರೆಗೆ ಅಲ್ಲಿಯೇ ಉಳಿಯುತ್ತದೆ. ಬ್ಯಾಕಪ್ ಎಲ್ಲ ಫೈಲುಗಳನ್ನೂ ಮುಟ್ಟುವುದರಿಂದ ಬೆಳಗಾಗುವಷ್ಟರಲ್ಲಿ ಮೂರನೆಯ ನೋಡಿನಲ್ಲಿ ಲಕ್ಷಗಟ್ಟಲೆ ಗ್ಲಾಕ್‌ಗಳು ಸೇರಿರುತ್ತವೆ, ಮಾತ್ರವಲ್ಲ, ಯಾವುದೇ ಲಾಕನ್ನು ಮೊದಲು ಕೇಳಿದ ನೋಡೇ ಡಿಎಲ್‌ಎಂ (ನೋಡುಗಳ ನಡುವೆ ಲಾಕ್ ಹಂಚುವ ವ್ಯವಸ್ಥೆ) ಲೆಕ್ಕದಲ್ಲಿ ಆ ಲಾಕಿನ ಯಜಮಾನನಾಗುವುದರಿಂದ ಉಳಿದವುಗಳ ಕೋರಿಕೆಯೆಲ್ಲ ನೆಟ್‌ವರ್ಕ್ ದಾಟಿ ಅಲ್ಲಿಗೇ ಹೋಗಬೇಕಾಗುತ್ತದೆ. ಆ ನೋಡಿನಲ್ಲಿ ಸ್ಲ್ಯಾಬ್‌ಟಾಪ್ (ಕರ್ನಲ್ ಮೆಮೊರಿ ಬಳಕೆ ತೋರಿಸುವ ಆದೇಶ) ಓಡಿಸಿದರೆ ಗ್ಲಾಕ್, ಇನೋಡ್ ಮತ್ತು ಡಿಎಲ್‌ಎಂ ಸಾಲುಗಳು ಮೇಲೆಯೇ ಕಾಣಿಸಬೇಕು.

ಹಾಗಾಗಿ ಮೊದಲ ಕೆಲಸವೆಂದರೆ, ಬ್ಯಾಕಪ್ ಸ್ಕ್ರಿಪ್ಟಿನ ಕೊನೆಯಲ್ಲಿ ಸಿಂಕ್ ಮಾಡಿ (ಬಾಕಿ ಡೇಟಾವನ್ನು ಡಿಸ್ಕಿಗೆ ಬರೆಸಿ), ಅದೇ ನೋಡಿನ ಡ್ರಾಪ್ ಕ್ಯಾಶಸ್ (ಮೆಮೊರಿಯ ಕ್ಯಾಶ್ ಖಾಲಿ ಮಾಡಿಸುವ) ಕಡತಕ್ಕೆ 3 ಎಂದು ಬರೆಯುವುದು. ಇನೋಡ್‌ಗಳ ಜೊತೆ ಗ್ಲಾಕ್‌ಗಳೂ ಬಿಡುಗಡೆಯಾಗಿ, ಬೆಳಗ್ಗೆ ಫೈಲನ್ನು ಮೊದಲು ಬಳಸಿದ ನೋಡಿಗೆ ಯಜಮಾನಿಕೆ ಹೋಗುತ್ತದೆ. ಸಾಮಾನ್ಯ ಸರ್ವರಿನಲ್ಲಿ ಇದನ್ನು ಕೆಟ್ಟ ಅಭ್ಯಾಸವೆಂದೇ ನಾನು ಹೇಳುತ್ತಿದ್ದೆ. ಇಲ್ಲಿ ಅದಕ್ಕೆ ಕಾರಣವಿದೆ. ವಿಎಫ್‌ಎಸ್ ಕ್ಯಾಶ್ ಪ್ರೆಶರನ್ನು (ಕ್ಯಾಶಿನಲ್ಲಿರುವ ಇನೋಡ್‌ಗಳನ್ನು ಎಷ್ಟು ಬೇಗ ಬಿಡಬೇಕೆಂಬ ಸೆಟ್ಟಿಂಗ್) ಡೀಫಾಲ್ಟ್ 100ರಿಂದ ಏರಿಸುವುದಿದ್ದರೂ ಬ್ಯಾಕಪ್ ನೋಡಿನಲ್ಲಿ ಮಾತ್ರ ಏರಿಸಿ. ಉಳಿದೆರಡರಲ್ಲಿ ಲಾಕ್‌ಗಳು ಮೆಮೊರಿಯಲ್ಲಿ ಉಳಿಯುವುದೇ ಲಾಭ.

ಬರೆಯುವ ನೋಡುಗಳಲ್ಲಿ ಗಮನಿಸಬೇಕಾದದ್ದು ಡಿಸ್ಕಿಗಿನ್ನೂ ಹೋಗದ ಡೇಟಾ. ಬೇರೊಂದು ನೋಡ್ ಲಾಕ್ ಕೇಳಿದಾಗ, ಅದನ್ನು ಹಿಡಿದಿರುವ ನೋಡ್ ತನ್ನ ಜರ್ನಲನ್ನೂ (ಬದಲಾವಣೆಗಳ ದಾಖಲೆ) ಆ ಫೈಲಿನ ಡೇಟಾವನ್ನೂ ಬರೆದು ಮುಗಿಸಿಯೇ ಬಿಟ್ಟುಕೊಡಬೇಕು. ಡೀಫಾಲ್ಟ್ ಆದ ಆರ್ಡರ್ಡ್ ವಿಧಾನದಲ್ಲಿ ಆ ಜರ್ನಲಿಗೆ ಸಂಬಂಧಿಸಿದ ಇತರ ಫೈಲುಗಳ ಡೇಟಾವೂ ಅದರೊಂದಿಗೆ ಹೊರಡುತ್ತದೆ. ಡರ್ಟಿ ರೇಶಿಯೊ (ಇಂಥ ಬಾಕಿ ಡೇಟಾ ಮೆಮೊರಿಯಲ್ಲಿ ಎಷ್ಟರವರೆಗೆ ನಿಲ್ಲಬಹುದೆಂಬ ಮಿತಿ) ಸಾಮಾನ್ಯವಾಗಿ ಶೇ. 20 ಇರುವುದರಿಂದ ನಿಮ್ಮ ಸರ್ವರಿನಲ್ಲಿ ಹೆಚ್ಚುಕಡಿಮೆ 12 ಜಿಬಿವರೆಗೆ ಬಾಕಿ ನಿಲ್ಲಬಹುದು, ಮತ್ತು ಅಷ್ಟೂ ಹೊತ್ತು ಇನ್ನೊಂದು ನೋಡಿನ ಬಳಕೆದಾರ ಕಾಯುತ್ತಿರುತ್ತಾನೆ. ಶೇಕಡಾವಾರು ಬಿಟ್ಟು ಡರ್ಟಿ ಬೈಟ್ಸ್ 1 ಜಿಬಿ, ಡರ್ಟಿ ಬ್ಯಾಕ್‌ಗ್ರೌಂಡ್ ಬೈಟ್ಸ್ (ಹಿನ್ನೆಲೆಯಲ್ಲಿ ಬರೆಯಲು ತೊಡಗುವ ಮಿತಿ) 256 ಎಂಬಿ ಎಂದು ಆರಂಭಿಸಿ ನೋಡಿ. ಬೈಟ್ಸ್ ಇಟ್ಟಾಗ ರೇಶಿಯೊ 0 ಎಂದು ತೋರಿಸುವುದು ಸಹಜ.

ಮೌಂಟ್ ಮಾಡುವಾಗ ನೋಏಟೈಮ್ (ಓದಿದ ಸಮಯ ದಾಖಲಿಸಬೇಡ ಎಂಬ ಆಯ್ಕೆ) ಇಲ್ಲದಿದ್ದರೆ ಇಂದೇ ಸೇರಿಸಿ, ಏಕೆಂದರೆ ಓದಿದ ಸಮಯವನ್ನು ದಾಖಲಿಸಲು ಓದುವ ಕೆಲಸವೂ ಬರೆಯುವ ಲಾಕನ್ನು ಕೇಳಬೇಕಾಗುತ್ತದೆ. ಅಪ್‌ಡೇಟ್‌ಡಿಬಿ (ಫೈಲ್ ಹೆಸರುಗಳ ಪಟ್ಟಿ ಮಾಡುವ ಪ್ರೋಗ್ರಾಂ) ಈ ಮೌಂಟಿನೊಳಗೆ ಹೋಗದಂತೆ ತಡೆಯಿರಿ. ಡಿಎಲ್‌ಎಂ ಟೇಬಲ್‌ಗಳ ಗಾತ್ರ ಹೆಚ್ಚಿಸಬೇಕೆಂಬ ಸಲಹೆ ಹಳೆಯ ಕರ್ನಲ್‌ಗಳ ಕಾಲದ್ದು. ಅದರ ಹಿಂದೆ ಹೋಗಬೇಡಿ.

ನಿಮ್ಮಲ್ಲಿರುವ 1956ಕ್ಕಿಂತ ಹಿಂದಿನ, ಕಾಸರಗೋಡು ದಕ್ಷಿಣ ಕನ್ನಡದಲ್ಲಿದ್ದ ಕಾಲದ ಕನ್ನಡ ದಸ್ತಾವೇಜುಗಳ ಚಿತ್ರಗಳನ್ನು ಯಾರೂ ತಿದ್ದುವುದಿಲ್ಲವಾದ್ದರಿಂದ, ಓದುವ ಲಾಕನ್ನು ಮೂರೂ ನೋಡುಗಳು ಒಟ್ಟಿಗೆ ಇಟ್ಟುಕೊಳ್ಳಬಹುದು, ಅಲ್ಲಿ ಜಗಳವಿಲ್ಲ. ಜಗಳವಿರುವುದು ಹೊಸ ಸ್ಕ್ಯಾನ್‌ಗಳು ಬೀಳುವ ಡೈರೆಕ್ಟರಿಯಲ್ಲಿ, ಏಕೆಂದರೆ ಪ್ರತಿ ಹೊಸ ಫೈಲಿಗೂ ಡೈರೆಕ್ಟರಿಯ ಮೇಲೆಯೇ ಬರೆಯುವ ಲಾಕ್ ಬೇಕು. ಎರಡು ನೋಡುಗಳಿಗೂ ಬೇರೆ ಬೇರೆ ಡೈರೆಕ್ಟರಿ ಕೊಡಿ. ಮೇಲಿನ ಎಲ್ಲ ಸೆಟ್ಟಿಂಗ್‌ಗಳಿಗಿಂತ ಇದರಿಂದಲೇ ಹೆಚ್ಚು ಉಪಯೋಗವಾದೀತೆಂದು ನನ್ನ ಅಂದಾಜು.

ಆದರೂ ಕೆಲಸ ತಡೆದು ನಿಂತರೆ, ಡೀಬಗ್‌ಎಫ್‌ಎಸ್‌ನ (ಕರ್ನಲ್ ಒಳಗಿನ ಸ್ಥಿತಿ ತೋರಿಸುವ ಕಡತಗಳ ಜಾಗ) ಗ್ಲಾಕ್ಸ್ ಕಡತವನ್ನು ನಿಧಾನವಾದ ಹೊತ್ತಿನಲ್ಲೇ ಮೂರೂ ನೋಡುಗಳಿಂದ ತೆಗೆದಿಡಿ. ಎಚ್ ಸಾಲಿನಲ್ಲಿ ಡಬ್ಲ್ಯೂ ಗುರುತಿದ್ದರೆ ಅದು ಕಾಯುತ್ತಿರುವ ಕೋರಿಕೆ. ಅದರ ಮೇಲಿನ ಜಿ ಸಾಲಿನಲ್ಲಿ 2ರ (ಇನೋಡ್ ಬಗೆಯ ಗ್ಲಾಕಿನ ಗುರುತು) ನಂತರ ಬರುವ ಹೆಕ್ಸ್ ಸಂಖ್ಯೆಯೇ ಇನೋಡ್. ಅದನ್ನು ದಶಮಾನಕ್ಕೆ ತಿರುಗಿಸಿ ಫೈಂಡ್‌ನಿಂದ ಹುಡುಕಿದರೆ ಯಾವ ಡೈರೆಕ್ಟರಿಗಾಗಿ ಕಾಯುತ್ತಿದ್ದಾರೆಂದು ತಿಳಿಯುತ್ತದೆ. ಆ ಸಾಲುಗಳನ್ನು ಇಲ್ಲಿ ಹಾಕಿದರೆ ಮುಂದಿನದನ್ನು ನೋಡೋಣ.