ಮೊಲಕ್ಕೆ ಹೂವಿನ ಬೇಲಿ: ಸಖರಾಯಪಟ್ಟಣದವರ ಪ್ರಶ್ನೆಗೆ

ನಮಸ್ಕಾರ. ಹಿತ್ತಿಲಿನ ಬೀನ್ಸ್ ಸಸಿಗಳನ್ನು ರಾತ್ರಿ ಮೊಲ ಮೇಯುತ್ತಿದೆ, ಸುತ್ತ ಚೆಂಡುಹೂವು ನೆಟ್ಟರೆ ಸಾಕೇ ಎಂದು ಕೇಳಿದ್ದೀರಿ.

ಮೊದಲು ಕಾಂಡವನ್ನು ನೋಡಿ. ಚಾಕುವಿನಿಂದ ಓರೆಯಾಗಿ ಕತ್ತರಿಸಿದಂತಿದ್ದು, ಪಕ್ಕದಲ್ಲಿ ದುಂಡನೆಯ ಹಿಕ್ಕೆ ಬಿದ್ದಿದ್ದರೆ ಮೊಲವೇ. ಹರಿದು ಕಿತ್ತಂತಿದ್ದರೆ ನವಿಲಿರಬಹುದು, ಅದಕ್ಕೆ ಹೂವಿನ ಸಾಲು ಉಪಯೋಗವಿಲ್ಲ.

ಚೆಂಡುಹೂವೊಂದನ್ನೇ ನಂಬಬೇಡಿ. ಎಲೆಯ ಘಾಟು ತುಸು ತಡೆದೀತು, ಆದರೆ ಹಸಿದ ಮೊಲ ಅದರ ಎಳೆಯ ಸಸಿಯನ್ನೂ ಬಿಡುವುದಿಲ್ಲ. ನನ್ನ ಆಯ್ಕೆ ನಿತ್ಯಪುಷ್ಪ. ಎಲೆ ಕಹಿ, ವಿಷವೂ ಹೌದು, ಕಡೂರು ಸೀಮೆಯ ಒಣ ಹವೆಗೆ ಜಗ್ಗುವುದಿಲ್ಲ. ನಡುನಡುವೆ ಸಾಲ್ವಿಯಾ, ಜೆರೇನಿಯಂ ಇಡಿ. ಮೂಡಿಗೆರೆಯ ಮಳೆಗೆ ಕೊಳೆಯುವ ಲ್ಯಾವೆಂಡರನ್ನೂ ನಿಮ್ಮಲ್ಲಿ ನೀರು ಬಸಿಯುವ ಮಣ್ಣಿದ್ದರೆ ಪ್ರಯತ್ನಿಸಬಹುದು. ಕಣಗಿಲೆ ಮಾತ್ರ ದಯವಿಟ್ಟು ಬೇಡ, ಮಕ್ಕಳಿಗೂ ದನಕರುಗಳಿಗೂ ಪ್ರಾಣಾಪಾಯ. ಲಂಟಾನವೂ ಬೇಡ, ಅದರ ಪೊದೆಯೇ ಮೊಲಕ್ಕೆ ಹಗಲಿನ ಅಡಗುತಾಣವಾಗುತ್ತದೆ.

ಸಸಿ ಬಲಿಯುವವರೆಗೆ ಹೂವಿನ ಸಾಲಿನ ಒಳಗೆ 3 ಅಡಿ ಎತ್ತರಕ್ಕೆ, 1 ಇಂಚಿನ ಕಣ್ಣಿರುವ ಕೋಳಿ ಜಾಲರಿ ಕಟ್ಟಲೇಬೇಕು. ನಮ್ಮ ಕಾಡುಮೊಲ ಬಿಲ ತೋಡುವ ಜಾತಿಯಲ್ಲ, ಆದ್ದರಿಂದ ಆಳಕ್ಕೆ ಹೂಳುವ ಶ್ರಮ ಬೇಡ. ಬುಡವನ್ನು ಅರ್ಧ ಅಡಿ ಹೊರಕ್ಕೆ ಮಡಚಿ ಕಲ್ಲು ಹೇರಿ. ಯಾರಾದರೂ ಉರುಳು ಹಾಕಲು ಹೇಳಿದರೆ ಒಪ್ಪಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ.