ಎದೆ ನಡುಗಿದರೆ ನಂಬಿಕೆ ಸುಳ್ಳಾಗುವುದೇ?

ಪ್ರಶ್ನೆ: ನಾವು ಹಾಸನ ಜಿಲ್ಲೆಯವರು. ಆಟೋ ಓಡಿಸುತ್ತಿದ್ದ ನನ್ನ ಯಜಮಾನರ ಎರಡೂ ಕಿಡ್ನಿಗಳು ಕೈಕೊಟ್ಟಿವೆ. 14 ತಿಂಗಳಿಂದ ವಾರಕ್ಕೆ ಮೂರು ದಿನ ಬೆಳಗಿನ ಮೊದಲ ಬಸ್ಸಿಗೆ ಹೊರಟು ಡಯಾಲಿಸಿಸ್ ಮಾಡಿಸಿಕೊಂಡು ಬರುತ್ತೇವೆ. ನನ್ನ ಕಿಡ್ನಿ ಕೊಡೋಣವೆಂದರೆ ರಕ್ತದ ಗುಂಪು ಹೊಂದಲಿಲ್ಲ. ಒಡವೆಗಳನ್ನೆಲ್ಲ ಅಡವಿಟ್ಟಾಗಿದೆ. ಇದನ್ನೆಲ್ಲ ನಿಲ್ಲಿಸಿ, ದೇವರ ಮೇಲೆ ಭಾರ ಹಾಕಿ, 48 ದಿನದ ಮಂಡಲ ಪೂಜೆ ಮಾಡಿಸೋಣ ಎಂದು ಅತ್ತೆ ಹಟ ಹಿಡಿದಿದ್ದಾರೆ. ಬೇಡವೆಂದರೆ ನನಗೆ ಭಕ್ತಿಯಿಲ್ಲ ಎನ್ನುತ್ತಾರೆ. ದಿನವೂ ದೀಪ ಹಚ್ಚುತ್ತೇನೆ; ಆದರೆ ರಾತ್ರಿಯಾದರೆ ಎದೆ ನಡುಗುತ್ತದೆ. ನನ್ನ ನಂಬಿಕೆ ಸುಳ್ಳೇ?

ಉತ್ತರ: ಸಹೋದರಿ, ತಡಮಾಡಲಾಗದ ಮಾತನ್ನು ಮೊದಲು ಹೇಳಿಬಿಡುತ್ತೇನೆ. ಡಯಾಲಿಸಿಸ್ ನಿಲ್ಲಿಸಬೇಡಿ. ಕಿಡ್ನಿ ಕೆಲಸ ಮಾಡದ ದೇಹದಲ್ಲಿ ನೀರು ಶ್ವಾಸಕೋಶಕ್ಕೆ ತುಂಬಿಕೊಳ್ಳುತ್ತದೆ, ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯದ ಬಡಿತವೇ ನಿಲ್ಲಬಹುದು. ಅದಕ್ಕೆ 48 ದಿನ ಬೇಕಿಲ್ಲ, ಕೆಲವೇ ದಿನಗಳು ಸಾಕು. ಪೂಜೆಯ ಪ್ರಸಾದವೆಂದು ಬಾಳೆಹಣ್ಣನ್ನೋ ಅಭಿಷೇಕದ ಎಳನೀರನ್ನೋ ಅವರಿಗೆ ಕೊಡುವ ಅಭ್ಯಾಸವಿದ್ದರೆ ಅದನ್ನೂ ಇಂದೇ ಬಿಡಿ, ಏಕೆಂದರೆ ಅವೆರಡರಲ್ಲೂ ಪೊಟ್ಯಾಸಿಯಂ ಹೆಚ್ಚು. ಪ್ರಸಾದವನ್ನು ಕಣ್ಣಿಗೊತ್ತಿಕೊಂಡು ಮನೆಯ ಇತರರಿಗೆ ಕೊಟ್ಟರೆ ಭಕ್ತಿಗೆ ಯಾವ ಲೋಪವೂ ಬರುವುದಿಲ್ಲ.

ಇನ್ನು ನಿಮ್ಮನ್ನು ನಿಜವಾಗಿ ಕಾಡುತ್ತಿರುವ ಪ್ರಶ್ನೆಗೆ ಬರೋಣ. ಮೊಸಳೆಯ ಬಾಯಿಗೆ ಸಿಕ್ಕಿದ ಗಜೇಂದ್ರನ ಕಥೆಯನ್ನು ನೀವು ಚಿಕ್ಕಂದಿನಿಂದ ಕೇಳಿರುತ್ತೀರಿ. ಸಾವಿರ ವರ್ಷ ಸೆಣಸಿ, ಬಲವೆಲ್ಲ ಉಡುಗಿದ ಮೇಲೆ ಅದು ಸೊಂಡಿಲಿನಲ್ಲಿ ಕಮಲವನ್ನೆತ್ತಿ ಮೊರೆಯಿಟ್ಟಿತು. ಆ ಮೊರೆ ನಿಶ್ಚಿಂತೆಯಿಂದ ಹೊರಟದ್ದಲ್ಲ, ಪ್ರಾಣಭಯದಿಂದ ಹೊರಟದ್ದು. ಆದರೂ ಭಯಪಟ್ಟಿತೆಂಬ ಕಾರಣಕ್ಕೆ ಆನೆಯ ಭಕ್ತಿಯನ್ನು ಯಾರೂ ಸಂಶಯಿಸಲಿಲ್ಲ. ನಿಮ್ಮ ಅತ್ತೆಯವರಿಗೂ ಇದೇ ಕಥೆಯನ್ನು ನೆನಪಿಸಬಹುದು: ದೇವರು ಬರಲೆಂದು ಆ ಆನೆ ಸೆಣಸಾಟವನ್ನು ಬಿಟ್ಟು ಕಾಲನ್ನು ಮೊಸಳೆಗೆ ಒಪ್ಪಿಸಿ ಕೂತಿರಲಿಲ್ಲ.

ನಂಬಿಕೆಯೆಂದರೆ ಎಲ್ಲವೂ ನಾವು ಬಯಸಿದಂತೆಯೇ ಮುಗಿಯುತ್ತದೆ ಎಂಬ ಭರವಸೆಯೆಂದು ನಾವು ಬಹಳ ಮಂದಿ ತಿಳಿದಿದ್ದೇವೆ, ಆ ಭರವಸೆ ಅಲುಗಿದ ರಾತ್ರಿ ದೇವರೇ ಕೈಬಿಟ್ಟನೆಂದು ಕುಸಿಯುತ್ತೇವೆ. ಆದರೆ ಈ 14 ತಿಂಗಳಲ್ಲಿ ನೀವು ಸುಮಾರು 180 ಸಲ ಆ ಬಸ್ಸು ಹತ್ತಿದ್ದೀರಿ. ಮುಂದೇನೆಂದು ತಿಳಿಯದೆಯೂ, ಆ ದಿನಕ್ಕೆ ಬೇಕಾದಷ್ಟು ಬಲ ಆ ದಿನ ಸಿಕ್ಕೀತೆಂದು ಎದ್ದು ಹೊರಟಿದ್ದೀರಲ್ಲ, ನನ್ನ ಮಟ್ಟಿಗೆ ದೇವರನ್ನು ನಂಬುವುದೆಂದರೆ ಅದೇ. ದೀಪದ ಮುಂದೆ ಕೂತಾಗ ವರ್ಷದ ಮಾತನ್ನು ಬಿಟ್ಟು ನಾಳೆಯ ಒಂದು ದಿನವನ್ನು ಮಾತ್ರ ಬೇಡಿಕೊಳ್ಳಿ. ಭಯವನ್ನೂ ಮುಚ್ಚಿಡದೆ ಅವನಿಗೇ ಹೇಳಿ. ನಿದ್ದೆಯೇ ಬಾರದೆ ಎದೆ ಬಿಗಿದು ಬಂದ ರಾತ್ರಿಗಳಲ್ಲಿ 14416ಕ್ಕೆ ಕರೆ ಮಾಡಿ. ಟೆಲಿ ಮನಸ್ ಎಂಬ ಈ ಸರ್ಕಾರಿ ಸಹಾಯವಾಣಿಗೆ ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತನಾಡಬಹುದು.

ರಕ್ತದ ಗುಂಪು ಹೊಂದದಿದ್ದರೂ ದಾರಿ ಪೂರ್ತಿ ಮುಚ್ಚಿಲ್ಲ. ಅಂಗಾಂಗ ಕಸಿಯ 1994ರ ಕಾಯ್ದೆಗೆ 2011ರಲ್ಲಿ ಆದ ತಿದ್ದುಪಡಿಯು, ನಿಮ್ಮಂತೆಯೇ ಗುಂಪು ಹೊಂದದ ಇನ್ನೊಂದು ಕುಟುಂಬದೊಂದಿಗೆ ದಾನಿಗಳನ್ನು ಅದಲುಬದಲು ಮಾಡಿಕೊಳ್ಳಲು ಅವಕಾಶ ಕೊಟ್ಟಿದೆ: ನಿಮ್ಮ ಕಿಡ್ನಿ ಅವರ ರೋಗಿಗೆ, ಅವರದು ನಿಮ್ಮ ಯಜಮಾನರಿಗೆ. ಮೃತ ದಾನಿಗಳ ಅಂಗಗಳಿಗಾಗಿ ರಾಜ್ಯದ ಜೀವಸಾರ್ಥಕತೆ ಸಂಸ್ಥೆಯ ಕಾಯುವ ಪಟ್ಟಿಯೂ ಇದೆ. ಕಸಿ ಮಾಡುವ ಆಸ್ಪತ್ರೆಯ ಮೂಲಕ ಹೆಸರು ನೋಂದಾಯಿಸಬೇಕು. ಪಟ್ಟಿ ಉದ್ದವಿರುವುದರಿಂದ ತಡಮಾಡಬೇಡಿ. ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳಿಗೆ ಸರ್ಕಾರಿ ಜಿಲ್ಲಾ ಆಸ್ಪತ್ರೆಗಳಲ್ಲಿ ಉಚಿತ ಡಯಾಲಿಸಿಸ್ ನೀಡುವ ಕೇಂದ್ರದ ಕಾರ್ಯಕ್ರಮ 2016ರಿಂದ ನಡೆಯುತ್ತಿದೆ. ಈಗ ಹಣ ಕೊಟ್ಟು ಮಾಡಿಸುತ್ತಿದ್ದರೆ ಅಲ್ಲಿ ವಿಚಾರಿಸಿ.

ಅತ್ತೆಯವರೊಂದಿಗೆ ವಾದಕ್ಕಿಳಿಯಬೇಡಿ. ಮಗನ ನಂತರವೂ ತಾನು ಬದುಕಿರಬೇಕಾದೀತೆಂಬ ಸಂಕಟವೇ ಅವರ ಬಾಯಲ್ಲಿ ಹಟವಾಗಿ ಹೊರಬರುತ್ತಿದೆ ಎಂದು ನನಗನಿಸುತ್ತದೆ. ಮಂಡಲ ಪೂಜೆ ನಡೆಯಲಿ ಎಂದು ನೀವೇ ಒಪ್ಪಿಕೊಳ್ಳಿ. ಆದರೆ ಆ 48 ದಿನಗಳಲ್ಲಿ ಬರುವ 20 ಡಯಾಲಿಸಿಸ್‌ಗಳೂ ತಪ್ಪದೆ ನಡೆಯಬೇಕೆಂದು ಕೇಳಿಕೊಳ್ಳಿ. ಪ್ರತಿ ಸಲ ಹೊರಡುವ ಮುನ್ನ ಅರಿಶಿನದ ಬಟ್ಟೆಯಲ್ಲಿ ಒಂದು ನಾಣ್ಯದ ಮುಡಿಪು ಕಟ್ಟಿ, ಮಗನ ತಲೆಯ ಮೇಲೆ ಕೈಯಿಟ್ಟು ಅವರೇ ಕಳಿಸಿಕೊಡಲಿ.

ನಿಮ್ಮ ಪತ್ರವನ್ನು ಎರಡನೆಯ ಸಲ ಓದುವಾಗ ಒಂದು ವಿಷಯ ಗಮನಕ್ಕೆ ಬಂತು. ಅತ್ತೆಯವರ ಮಾತಿದೆ, ನಿಮ್ಮ ಮಾತಿದೆ, ನಿಮ್ಮ ಯಜಮಾನರ ಒಂದು ಮಾತೂ ಅದರಲ್ಲಿಲ್ಲ. ಡಯಾಲಿಸಿಸ್ ನಡೆಯುವ ನಾಲ್ಕು ಗಂಟೆ ನೀವು ಅವರ ಹಾಸಿಗೆಯ ಬಳಿಯೋ ಹೊರಗಿನ ಬೆಂಚಿನ ಮೇಲೋ ಇರುತ್ತೀರಿ. ಮನೆಗೆ ಮರಳುವ ದಾರಿಯೂ ನಿಮ್ಮಿಬ್ಬರದೇ. ಮುಂದಿನ ಸಲ ಆ ದಾರಿಯಲ್ಲಿ, ಅವರಿಗೆ ಏನು ಬೇಕಾಗಿದೆ, ಅವರು ದೇವರಲ್ಲಿ ಏನು ಬೇಡಿಕೊಳ್ಳುತ್ತಿದ್ದಾರೆ ಎಂದು ಅವರನ್ನೇ ಕೇಳಿ.